ಅರ್ಧಶಕ್ತಿಯ ಲೆಕ್ಕ

ಮನುಷ್ಯನ ಹೃದಯ ದುಡಿದಷ್ಟೂ ಸವೆಯುವ ಯಂತ್ರವೇ, ಅಥವಾ ದುಡಿದಷ್ಟೂ ಪಳಗುವ ಅಂಗವೇ? ಈ ಪ್ರಶ್ನೆಗೆ ವೈದ್ಯರು ಸುಮಾರು ನೂರೈವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಒಂದು ತಲೆಮಾರು ಕೊಟ್ಟ ಉತ್ತರವನ್ನು ಮುಂದಿನ ತಲೆಮಾರು ತಿದ್ದಿದೆ. ತಿದ್ದಿದ್ದನ್ನು ಅದರ ಮುಂದಿನವರು ಮತ್ತೆ ತಿದ್ದಿದ್ದಾರೆ. ನಾನು ವೈದ್ಯನಲ್ಲ, ಓಟಗಾರನೂ ಅಲ್ಲ. ಅರುವತ್ತು ದಾಟಿದ ಮೇಲೂ ಬೆಳಗಿನ ನಡಿಗೆಯನ್ನು ಬಿಡಲೊಲ್ಲದ, ಇತಿಹಾಸವನ್ನು ಓದುವ ಅಭ್ಯಾಸವುಳ್ಳ ಒಬ್ಬ ಗೃಹಸ್ಥ. ನನ್ನ ವಯಸ್ಸಿನವರಿಗೆ ಎರಡು ಬಗೆಯ ಉಪದೇಶ ದೊರೆಯುತ್ತದೆ. ‘ವಯಸ್ಸಾಯಿತು, ಇನ್ನಾದರೂ ಸುಮ್ಮನೆ ಕೂತಿರಿ’ ಎನ್ನುವವರು ಒಂದು ಕಡೆ. ‘ಅವರನ್ನು ನೋಡಿ, ಎಪ್ಪತ್ತರಲ್ಲೂ ಹೇಗೆ ಓಡುತ್ತಾರೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಯಾರ ಮಾತನ್ನು ಕೇಳಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಉಳಿದ ವರ್ಷಗಳನ್ನು ನಮ್ಮ ಕಾಲ ಮೇಲೆ ನಿಂತು ಕಳೆಯುತ್ತೇವೆಯೋ, ಇನ್ನೊಬ್ಬರ ತೋಳು ಹಿಡಿದು ಕಳೆಯುತ್ತೇವೆಯೋ ಎಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ಆದ್ದರಿಂದ ಈ ಎರಡು ಉಪದೇಶಗಳ ಪೂರ್ವಕಥೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಭಯದ ಕಥೆ. ಕ್ರಿಸ್ತಪೂರ್ವ ೪೯೦ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪರ್ಷಿಯನ್ನರನ್ನು ಗೆದ್ದ ಸುದ್ದಿಯನ್ನು ಹೊತ್ತು ಅಥೆನ್ಸಿಗೆ ಓಡಿದ ದೂತ, ವಿಜಯವಾರ್ತೆಯನ್ನು ಹೇಳಿ ಅಲ್ಲಿಯೇ ಕುಸಿದು ಸತ್ತನೆಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಸೋಜಿಗವೆಂದರೆ, ಆ ಯುದ್ಧಕ್ಕೆ ಕಾಲದಲ್ಲಿ ಹತ್ತಿರದವನಾದ ಹೆರೊಡೋಟಸ್ ಈ ಸಾವನ್ನು ಹೇಳುವುದೇ ಇಲ್ಲ. ಅವನು ಹೇಳುವ ದೂತ ಫೀಡಿಪ್ಪಿಡೀಸ್ ಯುದ್ಧಕ್ಕೆ ಮುನ್ನ ನೆರವು ಬೇಡಲು ಸ್ಪಾರ್ಟಾದವರೆಗೆ ಓಡುತ್ತಾನೆ, ಸಾಯುವುದಿಲ್ಲ. ಓಡಿ ಸತ್ತವನ ಕಥೆ ನಮಗೆ ದೊರೆಯುವುದು ಐದಾರು ಶತಮಾನಗಳ ನಂತರದ ಪ್ಲೂಟಾರ್ಕ್ ಮತ್ತು ಲೂಸಿಯನ್ನರ ಬರಹಗಳಲ್ಲಿ. ಆದರೂ ಜನಮನಸ್ಸು ಹಿಡಿದಿಟ್ಟುಕೊಂಡದ್ದು ಬದುಕಿದವನನ್ನಲ್ಲ, ಸತ್ತವನನ್ನು. ೧೮೯೬ರ ಒಲಿಂಪಿಕ್ ಕ್ರೀಡೆಗಳಲ್ಲಿ ದೂರದ ಓಟಕ್ಕೆ ಮ್ಯಾರಥಾನ್ ಎಂದು ಹೆಸರಿಟ್ಟಾಗ, ಅದರ ಬೆನ್ನಿಗೆ ಆ ಸಾವಿನ ನೆರಳೂ ಅಂಟಿಕೊಂಡೇ ಬಂತು.

ಭಯವನ್ನು ಲೆಕ್ಕದಿಂದ ಎದುರಿಸಿದ ಮೊದಲಿಗರಲ್ಲಿ ಒಬ್ಬರು ಇಂಗ್ಲೆಂಡಿನ ವೈದ್ಯ ಜಾನ್ ಮಾರ್ಗನ್. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ನಡುವೆ ನಡೆಯುವ ದೋಣಿ ಪಂದ್ಯ ಯುವಕರ ಆಯುಸ್ಸನ್ನು ಕಡಿಮೆ ಮಾಡುತ್ತದೆಂದು ಸ್ಕೇ ಎಂಬ ಪ್ರಸಿದ್ಧ ಶಸ್ತ್ರವೈದ್ಯರು ೧೮೬೭ರಲ್ಲಿ ‘ಟೈಮ್ಸ್’ ಪತ್ರಿಕೆಗೆ ಬರೆದರು. ಮಾರ್ಗನ್ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಸ್ವತಃ ಹುಟ್ಟು ಹಾಕಿದವರು. ಅವರು ವಾದಕ್ಕೆ ಇಳಿಯಲಿಲ್ಲ, ವಿಚಾರಣೆಗೆ ಇಳಿದರು. ೧೮೨೯ರಿಂದ ೧೮೬೯ರವರೆಗೆ ಆ ಪಂದ್ಯದಲ್ಲಿ ಭಾಗವಹಿಸಿದ್ದ ೨೯೪ ಮಂದಿಯ ಬಗ್ಗೆ ವಿವರ ಕಲೆಹಾಕಿ, ೧೮೭೩ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಆ ಕಾಲದ ವಿಮಾ ಕಂಪನಿಗಳ ಆಯುರ್ಮಾನದ ಲೆಕ್ಕಕ್ಕೆ ಹೋಲಿಸಿದರೆ ಈ ಹುಟ್ಟುಗಾರರು ಸರಾಸರಿ ಎರಡು ವರ್ಷ ಹೆಚ್ಚೇ ಬದುಕುತ್ತಾರೆಂದು ಕಂಡುಬಂತು. ಹುಟ್ಟುಗಾರರೆಲ್ಲ ಉಳ್ಳವರ ಮಕ್ಕಳು, ಮೊದಲೇ ಗಟ್ಟಿಮುಟ್ಟಾಗಿದ್ದವರು ಎಂದು ಆಕ್ಷೇಪಿಸಬಹುದು. ಆ ಆಕ್ಷೇಪಣೆ ಸರಿಯೂ ಹೌದು. ಆದರೆ ಶ್ರಮ ಆಯುಸ್ಸನ್ನು ತಿನ್ನುತ್ತದೆ ಎಂಬ ಖಚಿತ ನಂಬಿಕೆಗೆ ಅಂದು ಮೊದಲ ಬಿರುಕು ಬಿತ್ತು.

ಆದರೆ ಬಿರುಕು ಬಿಟ್ಟ ಗೋಡೆ ಕೂಡಲೇ ಬೀಳುವುದಿಲ್ಲ. ೧೮೯೯ರಲ್ಲಿ ಸ್ವೀಡನ್ನಿನ ವೈದ್ಯ ಹೆನ್ಶೆನ್, ಹಿಮದ ಮೇಲೆ ದೂರದ ಜಾರೋಟ ನಡೆಸುವವರ ಎದೆಯನ್ನು ಬೆರಳಿನಿಂದ ತಟ್ಟಿ, ನಾದದ ಮೇಲಿಂದ ಹೃದಯದ ಗಾತ್ರವನ್ನು ಅಂದಾಜು ಮಾಡಿದರು. ಸ್ಪರ್ಧಿಗಳ ಹೃದಯ ಸಾಮಾನ್ಯರದಕ್ಕಿಂತ ದೊಡ್ಡದಾಗಿತ್ತು. ಇದು ಪಳಗಿದ ಹೃದಯದ ಲಕ್ಷಣವೆಂದೇ ಅವರು ಬಗೆದರು. ಆದರೆ ಆಸ್ಪತ್ರೆಗಳಲ್ಲಿ ವೈದ್ಯರು ಕಾಣುತ್ತಿದ್ದ ದೊಡ್ಡ ಹೃದಯಗಳೆಲ್ಲ ರೋಗಿಗಳವು. ಹೀಗಾಗಿ ಕ್ರೀಡಾಳುವಿನ ಹೃದಯ ಎಂಬ ಹೆಸರೇ ಅನೇಕರಿಗೆ ಒಂದು ರೋಗದ ಹೆಸರಿನಂತೆ ಕೇಳಿಸಿತು.

ಈ ಹಿನ್ನೆಲೆಯಲ್ಲಿ ಅಮೆರಿಕದ ಕ್ಲಾರೆನ್ಸ್ ಡಿಮಾರ್ ಎಂಬವನ ಜೀವನವನ್ನು ನೋಡಬೇಕು. ೧೮೮೮ರಲ್ಲಿ ಹುಟ್ಟಿದ ಈತ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ ಹೊಟ್ಟೆ ಹೊರೆಯುತ್ತಿದ್ದವನು. ಕೆಲಸಕ್ಕೆ ಓಡುತ್ತಲೇ ಹೋಗಿ ಓಡುತ್ತಲೇ ಹಿಂದಿರುಗುವುದು ಅವನ ತಾಲೀಮು. ೧೯೧೧ರಲ್ಲಿ ಬೋಸ್ಟನ್ ನಗರದ ಮ್ಯಾರಥಾನಿಗೆ ನಿಂತಾಗ ಪರೀಕ್ಷಿಸಿದ ವೈದ್ಯರು, ಹೃದಯದಲ್ಲಿ ಅಪಸ್ವರ ಕೇಳಿಬರುತ್ತಿದೆ, ಇನ್ನು ಒಂದೆರಡು ವರ್ಷದೊಳಗೆ ಓಟವನ್ನು ಬಿಟ್ಟುಬಿಡುವುದು ಒಳ್ಳೆಯದು ಎಂದರು. ಅಂದು ಆತ ಗೆದ್ದ. ಆದರೆ ಆ ಎಚ್ಚರಿಕೆ ಮನಸ್ಸಿನಲ್ಲಿ ಉಳಿಯಿತು. ಮುಂದಿನ ಹತ್ತು ವರ್ಷ, ಯಾರಿಗಾದರೂ ಓಟದ ಉತ್ತಮ ವರ್ಷಗಳಾಗಬೇಕಾದ ಅವಧಿಯಲ್ಲಿ, ಆತ ಮ್ಯಾರಥಾನಿನಿಂದ ಬಹುಮಟ್ಟಿಗೆ ದೂರವೇ ಇದ್ದ. ಮರಳಿ ಬಂದದ್ದು ೧೯೨೨ರಲ್ಲಿ, ಮೂವತ್ತಮೂರನೆಯ ವಯಸ್ಸಿಗೆ. ಆ ವರ್ಷವೂ ಗೆದ್ದ. ನಂತರದ ಎರಡು ವರ್ಷಗಳಲ್ಲೂ ಗೆದ್ದ. ೧೯೨೪ರಲ್ಲಿ ಪ್ಯಾರಿಸ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಕಂಚಿನ ಪದಕ ಪಡೆದ. ೧೯೨೭, ೧೯೨೮ ಮತ್ತು ೧೯೩೦ರಲ್ಲಿ ಬೋಸ್ಟನ್ ಮತ್ತೆ ಅವನದಾಯಿತು. ಒಟ್ಟು ಏಳು ಸಲ. ಕೊನೆಯ ಗೆಲುವಿನ ಹೊತ್ತಿಗೆ ಅವನಿಗೆ ನಲವತ್ತೊಂದು ವರ್ಷ. ಎಚ್ಚರಿಕೆ ಕೊಟ್ಟ ಆ ವೈದ್ಯರು ಮಾತ್ರ ಹೃದ್ರೋಗದಿಂದ ಬೇಗನೆ ತೀರಿಕೊಂಡರಂತೆ. ಅವರು ಬಹುಶಃ ತಮ್ಮ ಹೃದಯದ ಸದ್ದನ್ನೇ ಕೇಳಿ ನನ್ನದೆಂದು ತಿಳಿದಿರಬೇಕು ಎಂದು ಡಿಮಾರ್ ಹಾಸ್ಯ ಮಾಡುತ್ತಿದ್ದ.

ಆತ ಬೋಸ್ಟನ್ನಿನಲ್ಲಿ ಕೊನೆಯ ಬಾರಿ ಓಡಿದ್ದು ೧೯೫೪ರಲ್ಲಿ, ಅರುವತ್ತೈದನೆಯ ವಯಸ್ಸಿನಲ್ಲಿ. ಆಗ ಗೆಲುವಿನ ಮಾತಿರಲಿಲ್ಲ. ತನ್ನ ಪಾಡಿಗೆ ಓಡಿ ಗುರಿ ಮುಟ್ಟುವುದಷ್ಟೇ. ೧೯೫೮ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಅವನ ಹೃದಯವನ್ನು ತೆರೆದು ನೋಡಿದ ವರದಿಯನ್ನು, ಅಮೆರಿಕದ ಹೆಸರಾಂತ ಹೃದಯವೈದ್ಯ ಪಾಲ್ ಡಡ್ಲಿ ವೈಟ್ ತಮ್ಮ ಸಹೋದ್ಯೋಗಿಯೊಡನೆ ೧೯೬೧ರಲ್ಲಿ ಪ್ರಕಟಿಸಿದರು. ಹೃದಯಕ್ಕೆ ರಕ್ತವನ್ನೊಯ್ಯುವ ಅವನ ನಾಳಗಳು ಸಾಮಾನ್ಯರ ನಾಳಗಳ ಎರಡು ಮೂರರಷ್ಟು ಅಗಲವಾಗಿದ್ದವು. ಐವತ್ತು ವರ್ಷ ಓಡಿದ ಹೃದಯ ಸವೆದಿರಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು: ಆ ಅಗಲವಾದ ನಾಳಗಳ ಗೋಡೆಯ ಮೇಲೆಯೂ ವಯಸ್ಸಿನ ಜಿಡ್ಡು ಒಂದಿಷ್ಟು ಕೂತಿತ್ತು. ದಾರಿ ಅಗಲವಾಗಿದ್ದುದರಿಂದ ರಕ್ತದ ಹರಿವಿಗೆ ಅದು ಅಡ್ಡಿಯಾಗಿರಲಿಲ್ಲ. ಮೊದಲ ಮಾತನ್ನು ಜಗತ್ತು ಕೇಳಿತು; ಎರಡನೆಯದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಷ್ಟರಲ್ಲಿ ಇನ್ನೊಂದು ದಿಕ್ಕಿನಿಂದಲೂ ಸಾಕ್ಷ್ಯ ಬರತೊಡಗಿತ್ತು. ಬಂದದ್ದು ಆಟದ ಬಯಲಿನಿಂದಲ್ಲ, ಬಸ್ಸಿನಿಂದ. ಬೆಂಗಳೂರಿನಲ್ಲಿ ಎರಡಂತಸ್ತಿನ ಬಸ್ಸುಗಳು ಓಡುತ್ತಿದ್ದ ಕಾಲವನ್ನು ಕಂಡವರಿಗೆ, ಕಂಡಕ್ಟರು ಚೀಲವನ್ನು ಹೆಗಲಿಗೇರಿಸಿ ಮೇಲಕ್ಕೂ ಕೆಳಕ್ಕೂ ಹತ್ತಿ ಇಳಿಯುತ್ತಿದ್ದ ನೋಟ ನೆನಪಿರಬಹುದು. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರ ಕಣ್ಣಿಗೆ ಬಿದ್ದದ್ದೂ ಇದೇ ನೋಟ. ಡ್ರೈವರು ದಿನವಿಡೀ ಕೂತಿರುತ್ತಾನೆ. ಅದೇ ಬಸ್ಸಿನ, ಅದೇ ವರ್ಗದ, ಹೆಚ್ಚುಕಡಿಮೆ ಅದೇ ಸಂಬಳದ ಕಂಡಕ್ಟರು ದಿನಕ್ಕೆ ಐದುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಾನೆ. ಸುಮಾರು ೩೧,೦೦೦ ನೌಕರರ ದಾಖಲೆಗಳನ್ನು ಪರಿಶೀಲಿಸಿ ೧೯೫೩ರಲ್ಲಿ ಮಾರಿಸ್ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ, ಆದರೂ ತಡವಾಗಿ, ಬಂದಾಗಲೂ ಅದು ಅಷ್ಟು ಮಾರಕವಲ್ಲ. ನಡೆದು ಕಾಗದ ಹಂಚುವ ಅಂಚೆಯವರಿಗೂ ಮೇಜಿನ ಮುಂದೆ ಕೂತ ಗುಮಾಸ್ತರಿಗೂ ಇದೇ ಬಗೆಯ ಅಂತರವಿತ್ತು.

ಮಾರಿಸರ ದೊಡ್ಡತನ ನನಗೆ ಕಾಣುವುದು ಇದರ ನಂತರದ ಹೆಜ್ಜೆಯಲ್ಲಿ. ಮೆಟ್ಟಿಲು ಹತ್ತಿದ್ದರಿಂದ ಹೃದಯ ಗಟ್ಟಿಯಾಯಿತೋ, ಅಥವಾ ಗಟ್ಟಿ ದೇಹದವರೇ ಕಂಡಕ್ಟರ್ ಕೆಲಸಕ್ಕೆ ಹೋದರೋ ಎಂಬ ಸಂದೇಹವನ್ನು ಅವರೇ ಎತ್ತಿದರು. ಕಂಪನಿಯವರು ಸಮವಸ್ತ್ರ ಹೊಲಿಸುವಾಗ ಬರೆದಿಟ್ಟ ಸೊಂಟದ ಅಳತೆಗಳನ್ನು ತರಿಸಿ ನೋಡಿದರು. ಡ್ರೈವರುಗಳ ಸೊಂಟ ಕಂಡಕ್ಟರುಗಳದಕ್ಕಿಂತ ದಪ್ಪವಾಗಿತ್ತು. ವಯಸ್ಸಿನಲ್ಲಿ ಚಿಕ್ಕವರಲ್ಲಿಯೂ ಆ ಅಂತರ ಕಾಣುತ್ತಿತ್ತು. ತನ್ನ ಸಿದ್ಧಾಂತವನ್ನು ದುರ್ಬಲಗೊಳಿಸಬಲ್ಲ ಈ ಸಂಗತಿಯನ್ನು ೧೯೫೬ರಲ್ಲಿ ಅವರೇ ಪ್ರಕಟಿಸಿದರು. ನಂತರದ ದಶಕಗಳ ಸಂಶೋಧನೆ ಸೊಂಟದ ಲೆಕ್ಕವನ್ನು ಕಳೆದ ಮೇಲೂ ಶ್ರಮದ ಪಾಲು ಉಳಿಯುತ್ತದೆಂದು ತೋರಿಸಿತು. ಮಾರಿಸ್ ತಾವು ಬೋಧಿಸಿದಂತೆ ವ್ಯಾಯಾಮ ಮಾಡುತ್ತ ತೊಂಬತ್ತೊಂಬತ್ತು ವರ್ಷ ಬದುಕಿ ೨೦೦೯ರಲ್ಲಿ ತೀರಿಕೊಂಡರು.

ಎಪ್ಪತ್ತರ ದಶಕದ ಹೊತ್ತಿಗೆ ಭಯ ತೊಲಗಿ ಅದರ ಜಾಗಕ್ಕೆ ಮೋಹ ಬಂತು. ಮ್ಯಾರಥಾನ್ ಓಡಿ ಮುಗಿಸಬಲ್ಲ, ಧೂಮಪಾನ ಮಾಡದ ಮನುಷ್ಯನಿಗೆ ಹೃದಯದ ನಾಳಗಳ ರೋಗ ಬರಲಾರದು ಎಂದು ಕ್ಯಾಲಿಫೋರ್ನಿಯದ ಬ್ಯಾಸ್ಲರ್ ಎಂಬ ವೈದ್ಯರು ಸಾರಿದರು. ಡಿಮಾರನ ವರದಿಯ ಮೊದಲ ಅರ್ಧವನ್ನಷ್ಟೇ ಓದಿದ ಕಾಲಕ್ಕೆ ಈ ಮಾತು ರುಚಿಸಿತು. ೧೯೭೭ರಲ್ಲಿ ಜಿಮ್ ಫಿಕ್ಸ್ ಓಟದ ಮೇಲೆ ಬರೆದ ಪುಸ್ತಕ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ೧೯೮೪ರ ಜುಲೈ ೨೦ರಂದು ಅದೇ ಫಿಕ್ಸ್ ವರ್ಮಾಂಟ್ ರಾಜ್ಯದ ಒಂದು ರಸ್ತೆಯಲ್ಲಿ ಓಡುತ್ತಿದ್ದಾಗ ಕುಸಿದು ಸತ್ತ. ವಯಸ್ಸು ಐವತ್ತೆರಡು. ಹೃದಯದ ನಾಳಗಳು ಕಟ್ಟಿಹೋಗಿದ್ದವು. ಒಂದಂತೂ ಶೇಕಡ ೯೫ರಷ್ಟು. ‘ನೋಡಿದಿರಾ, ಓಡಿಯೇ ಸತ್ತ’ ಎಂದಿತು ಹಳೆಯ ಭಯ. ಆದರೆ ಅವನ ತಂದೆ ನಲವತ್ತಮೂರನೆಯ ವಯಸ್ಸಿಗೇ ಹೃದ್ರೋಗಕ್ಕೆ ಬಲಿಯಾಗಿದ್ದರು. ಫಿಕ್ಸ್ ಮೂವತ್ತೈದರವರೆಗೆ ವಿಪರೀತ ಸಿಗರೇಟು ಸೇದುತ್ತಿದ್ದ, ಸ್ಥೂಲಕಾಯನಾಗಿದ್ದ. ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ್ದು ಓಟದಿಂದಲೇ ಇರಬಹುದು. ಓಟ ಅವನನ್ನು ಕೊಂದಿತು ಎಂಬ ಮಾತೂ ತಪ್ಪು, ಓಟ ಅವನನ್ನು ಅಜೇಯನನ್ನಾಗಿ ಮಾಡಿತ್ತು ಎಂಬುದೂ ತಪ್ಪು. ಓಟ ಹೃದಯವನ್ನು ಬಲಪಡಿಸುತ್ತದೆ, ಪಿತ್ರಾರ್ಜಿತವನ್ನು ಅಳಿಸುವುದಿಲ್ಲ.

ಹಾಗಾದರೆ ಅತಿಯಾದರೆ ಏನಾಗುತ್ತದೆ? ಸ್ವೀಡನ್ನಿನಲ್ಲಿ ೧೯೨೨ರಿಂದ ನಡೆದುಬಂದಿರುವ, ೯೦ ಕಿಲೊಮೀಟರ್ ದೂರದ ವಾಸಾಲೊಪೆಟ್ ಎಂಬ ಹಿಮದ ಜಾರೋಟ ಇದಕ್ಕೆ ಒಳ್ಳೆಯ ಪ್ರಯೋಗಶಾಲೆಯಾಯಿತು. ಅದರಲ್ಲಿ ಭಾಗವಹಿಸಿದವರ ಸಾವಿನ ಪ್ರಮಾಣ ದೇಶದ ಇತರರದಕ್ಕಿಂತ ಸುಮಾರು ಅರ್ಧದಷ್ಟು ಮಾತ್ರ. ಇದು ಸಂತೋಷದ ಸುದ್ದಿ. ಆದರೆ ೧೯೮೯ರಿಂದ ೧೯೯೮ರವರೆಗೆ ಓಟ ಮುಗಿಸಿದ ೫೨,೭೫೫ ಮಂದಿಯನ್ನು ಹಲವು ವರ್ಷ ಗಮನಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ಹೇಳಿತು. ಒಮ್ಮೆ ಓಡಿದವರಿಗಿಂತ ಐದು ಅಥವಾ ಹೆಚ್ಚು ಬಾರಿ ಓಡಿದವರಲ್ಲಿ ಹೃದಯದ ಬಡಿತ ತಾಳ ತಪ್ಪುವ ತೊಂದರೆ ಶೇಕಡ ೩೦ರಷ್ಟು ಹೆಚ್ಚು. ಅತಿ ವೇಗದವರಲ್ಲಿಯೂ ಹಾಗೆಯೇ. ೨೦೧೭ರಲ್ಲಿ ಬಂದ ಅಧ್ಯಯನಗಳು, ದಶಕಗಳ ಕಾಲ ತೀವ್ರವಾಗಿ ಸಾಧನೆ ಮಾಡಿದ ನಡುವಯಸ್ಸಿನ ಪುರುಷರ ನಾಳಗಳಲ್ಲಿ ಸುಣ್ಣದಂಶ ಕೂತಿರುವುದು ಹೆಚ್ಚೆಂದು ತೋರಿಸಿದವು; ಆ ಸುಣ್ಣ ಬಹುಮಟ್ಟಿಗೆ ಗಟ್ಟಿಯಾಗಿ ನೆಲೆನಿಂತ, ಸುಲಭಕ್ಕೆ ಒಡೆಯದ ಬಗೆಯದೆಂದೂ ತಿಳಿಸಿದವು. ಪ್ರತಿ ವರ್ಷವೂ ತನ್ನನ್ನೇ ಮೀರಬೇಕೆಂದು ಹಟ ತೊಟ್ಟವನಿಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಕೂತಿರುವವನಿಗೆ ಇದರಲ್ಲಿ ಯಾವ ನೆಪವೂ ಇಲ್ಲ.

ಏಕೆಂದರೆ ಕೂತಿರುವುದರ ಬೆಲೆ ಎಷ್ಟೆಂಬುದೂ ಗೊತ್ತಾಗಿದೆ. ೧೯೬೬ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯ ಮೇಲೆಯೇ ಮಲಗಿಸಿ, ಅವರ ದೇಹಶಕ್ತಿಯನ್ನು ಅಳೆದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಕರೆಸಿ ಮತ್ತೆ ಅಳೆದಾಗ ತಿಳಿದದ್ದು ಇದು: ಮೂವತ್ತು ವರ್ಷದ ವಯಸ್ಸು ಅವರಿಂದ ಕಸಿದುಕೊಂಡದ್ದಕ್ಕಿಂತ ಅಂದಿನ ಮೂರು ವಾರದ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚು! ಆರು ತಿಂಗಳ ಕಾಲ ಮೆಲ್ಲಮೆಲ್ಲನೆ ಏರಿಸಿದ ವ್ಯಾಯಾಮದಿಂದ ಅವರು ವಯಸ್ಸಿನ ನಷ್ಟವನ್ನು ತುಂಬಿಕೊಂಡರು. ೨೦೧೮ರಲ್ಲಿ ಅದೇ ನಗರದ ಬೆಂಜಮಿನ್ ಲೆವಿನ್ ಮತ್ತು ಸಂಗಡಿಗರು, ನಲವತ್ತೈದರಿಂದ ಅರುವತ್ತನಾಲ್ಕರ ನಡುವಿನ, ವ್ಯಾಯಾಮದ ರೂಢಿಯಿಲ್ಲದ ಜನ ಎರಡು ವರ್ಷ, ವಾರಕ್ಕೆ ನಾಲ್ಕೈದು ದಿನ ಸಾಧನೆ ಮಾಡಿದರೆ ಬಿಗಿದುಕೊಂಡ ಹೃದಯ ಮತ್ತೆ ಸಡಿಲಗೊಳ್ಳುತ್ತದೆಂದು ತೋರಿಸಿದರು. ಅರುವತ್ತೈದು ದಾಟಿದ ಮೇಲೆ ಆರಂಭಿಸಿದವರಲ್ಲಿ ದಮ್ಮು ಹೆಚ್ಚಿತು. ಹೃದಯದ ಬಿಗಿತ ಮಾತ್ರ ಒಂದು ವರ್ಷದ ಸಾಧನೆಗೆ ಬಗ್ಗಲಿಲ್ಲ. ಬೇಸಾಯದಂತೆ ಇದಕ್ಕೂ ಒಂದು ಹದ, ಒಂದು ಋತು ಉಂಟು.

ಹೀಗೆ ಪ್ರಶ್ನೆ ‘ಶ್ರಮ ಒಳ್ಳೆಯದೋ ಕೆಟ್ಟದ್ದೋ’ ಎಂಬಲ್ಲಿಂದ ‘ಎಷ್ಟು’ ಎಂಬಲ್ಲಿಗೆ ಬಂದು ನಿಂತಿತು. ಈ ‘ಎಷ್ಟು’ ಎಂಬುದು ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥಗಳಿಗೆ ಪರಿಚಿತವಾದ ಪ್ರಶ್ನೆ. ಸುಶ್ರುತನೂ ವಾಗ್ಭಟನೂ ವ್ಯಾಯಾಮಕ್ಕೆ ವಿಧಿಸಿದ ಮಿತಿ ಅರ್ಧಶಕ್ತಿ. ವಾಗ್ಭಟನ ಪ್ರಕಾರ ಅದೂ ಚಳಿಗಾಲ ಮತ್ತು ವಸಂತದಲ್ಲಿ, ಬಲವುಳ್ಳವರಿಗೆ. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಉಸಿರು ಬಾಯಿಗೆ ಬರುವುದು, ಹಣೆಯಲ್ಲೂ ಮೂಗಿನ ಮೇಲೂ ಬೆವರೊಡೆಯುವುದು, ಇವೇ ಗುರುತು. ಅತಿಯಾಗಿ ಶ್ರಮಿಸುವವನು, ಆನೆಯನ್ನು ಎಳೆದೊಯ್ಯಲು ಹೋದ ಸಿಂಹದಂತೆ ತಾನೇ ನಾಶವಾಗುತ್ತಾನೆಂಬ ಉಪಮೆಯೂ ಅಲ್ಲಿದೆ. ಇಂದಿನ ವೈದ್ಯರು ಹೇಳುವ ಸುಲಭದ ಪರೀಕ್ಷೆಯೂ ಇದರಿಂದ ಬಹಳ ದೂರವಿಲ್ಲ: ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅದೇ ಮಿತಶ್ರಮ.

ಹಳೆಯದನ್ನೆಲ್ಲ ಹೊಗಳುವುದು ನನ್ನ ಉದ್ದೇಶವಲ್ಲ. ವಾಗ್ಭಟನೇ ವ್ಯಾಯಾಮವನ್ನು ಬಿಡಬೇಕಾದವರ ಪಟ್ಟಿಯಲ್ಲಿ ವೃದ್ಧರನ್ನೂ ಸೇರಿಸಿದ್ದಾನೆ. ‘ಸುಮ್ಮನೆ ಕೂತಿರಿ’ ಎಂಬ ನಮ್ಮ ಮನೆಗಳ ಮಾತಿಗೆ ಇಷ್ಟು ಹಳೆಯ ಬೇರಿದೆ. ಇಲ್ಲಿ ಹೊಸ ವಿದ್ಯೆ ಹಳೆಯದನ್ನು ತಿದ್ದಲೇಬೇಕು. ೧೯೯೦ರಲ್ಲಿ ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಎಂಬತ್ತಾರರಿಂದ ತೊಂಬತ್ತಾರು ವರ್ಷ ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೊರಡಿಸಿದ ಸೂಚನೆಯೂ ವೃದ್ಧರನ್ನು ಹೊರಗಿಡುವುದಿಲ್ಲ. ವಾರಕ್ಕೆ ೧೫೦ರಿಂದ ೩೦೦ ನಿಮಿಷದ ಮಿತಶ್ರಮದ ಜೊತೆಗೆ, ಅರುವತ್ತೈದು ದಾಟಿದವರು ವಾರದಲ್ಲಿ ಮೂರು ದಿನ ಬಲವನ್ನೂ ದೇಹದ ಸಮತೋಲವನ್ನೂ ಕಾಯುವ ವ್ಯಾಯಾಮ ಮಾಡಬೇಕೆಂದು ಅದು ಹೇಳುತ್ತದೆ. ಮಾಂಸಖಂಡ ಕರಗುವ ವಯಸ್ಸಿನಲ್ಲಿ ಬರಿಯ ನಡಿಗೆ, ಬರಿಯ ಓಟ ಸಾಲದು. ಜಾರಿ ಬಿದ್ದು ಸೊಂಟ ಮುರಿದುಕೊಂಡವನಿಗೆ ಅಗಲವಾದ ಹೃದಯನಾಳದಿಂದ ಪ್ರಯೋಜನವೇನು?

ಹಾಗಾದರೆ ಮುದುಕನಾದವನು ದೂರ ಓಡಲೇಬಾರದೇ? ಕೆನಡಾದ ಎಡ್ ವಿಟ್ಲಾಕ್ ಎಂಬ ನಿವೃತ್ತ ಎಂಜಿನಿಯರ್ ೨೦೦೩ರಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ. ಎಪ್ಪತ್ತು ದಾಟಿದವರಲ್ಲಿ ಅದುವರೆಗೆ ಯಾರೂ ಮಾಡದ ಸಾಧನೆ. ೨೦೧೬ರಲ್ಲಿ, ಎಂಬತ್ತೈದರಲ್ಲಿ, ನಾಲ್ಕು ಗಂಟೆಯೊಳಗೆ ಮುಗಿಸಿದ. ಮರುವರ್ಷ ಕ್ಯಾನ್ಸರಿನಿಂದ ತೀರಿಕೊಂಡ. ಅವನ ತಾಲೀಮಿನ ಬಹುಭಾಗ, ಮನೆಯ ಬಳಿಯ ಸ್ಮಶಾನದ ದಾರಿಯಲ್ಲಿ ಗಂಟೆಗಟ್ಟಲೆ ಸುತ್ತುಹಾಕುವ ನಿಧಾನದ ಓಟ. ಮೊಣಕಾಲು ನೊಂದರೆ ತಿಂಗಳುಗಟ್ಟಲೆ ನಿಲ್ಲಿಸಿಬಿಡುತ್ತಿದ್ದ. ಅಂಥವನನ್ನು ನೋಡಿ ಎಲ್ಲರೂ ಮ್ಯಾರಥಾನಿಗೆ ಹೊರಡಬೇಕಾಗಿಲ್ಲ. ಕಲಿಯಬೇಕಾದದ್ದು ಅವನ ನಿಧಾನ, ಅವನ ನಿಲುಗಡೆ.

ಈ ಇತಿಹಾಸವೆಲ್ಲ ನನಗೆ ಹೇಳುವುದು ಒಂದೇ ಮಾತು. ಅರ್ಧಶಕ್ತಿ ಎಂದರೆ ಯಾವ ಶಕ್ತಿಯ ಅರ್ಧ? ಇಪ್ಪತ್ತೈದರ ನೆನಪಿನಲ್ಲಿರುವ ಶಕ್ತಿಯ ಅರ್ಧವಲ್ಲ. ಪಕ್ಕದ ಮನೆಯವರ ಶಕ್ತಿಯ ಅರ್ಧವೂ ಅಲ್ಲ. ಇಂದಿನ ನನ್ನ ಶಕ್ತಿಯ ಅರ್ಧ. ಸಾಧನೆ ಮಾಡಿದವನಿಗೆ ಅದು ಬೆಳೆಯುತ್ತದೆ, ವಯಸ್ಸಾದಂತೆ ಕುಗ್ಗುತ್ತದೆ, ಜ್ವರದಿಂದೆದ್ದ ಮರುದಿನ ಕಾಲುಭಾಗವಾಗುತ್ತದೆ. ಆದ್ದರಿಂದ ಒಮ್ಮೆ ಹಾಕಿದ ಲೆಕ್ಕ ಜೀವಮಾನಕ್ಕೆಲ್ಲ ಸಾಲುವುದಿಲ್ಲ. ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ, ಬಡಿತ ತಾಳ ತಪ್ಪಿದರೆ ಅದು ಹಟ ಮಾಡುವ ಗಳಿಗೆಯಲ್ಲ, ವೈದ್ಯರನ್ನು ಕಾಣುವ ಗಳಿಗೆ. ತಂದೆತಾಯಿಯರಲ್ಲಿ ಹೃದ್ರೋಗವಿದ್ದವರು, ಬಹುಕಾಲ ಕೂತೇ ಇದ್ದವರು, ಆರಂಭಿಸುವ ಮೊದಲೇ ಅವರನ್ನು ಕಾಣುವುದು ಮೇಲು.

ನಾಳೆ ಬೆಳಿಗ್ಗೆ ನಡೆಯಲು ಹೊರಟಾಗ ಗಡಿಯಾರವನ್ನು ಮನೆಯಲ್ಲಿಯೇ ಬಿಟ್ಟು ಹೋಗಿ. ಜೊತೆಗಾರರೊಡನೆ ಮಾತನಾಡುತ್ತ ನಡೆಯಿರಿ. ಮಾತು ತುಂಡಾಗಿ ಉಸಿರು ಬಾಯಿಗೆ ಬಂತೆನ್ನಿ. ಅಲ್ಲಿಗೆ ಅಂದಿನ ಅರ್ಧ. ಉಳಿದರ್ಧವನ್ನು ಮನೆಗೆ ಹಿಂದಿರುಗಲು, ಮತ್ತು ಮರುದಿನ ಮತ್ತೆ ಹೊರಡಲು ಇಟ್ಟುಕೊಳ್ಳಿ.